ಪೋರ್ಥೋಸನ ಹೆಗಲು

ಸಾಹಸದ ಕಾದಂಬರಿಗಳನ್ನು ಹುಡುಗರ ಓದೆಂದು ಬದಿಗಿಡುವುದು ವಿದ್ವಾಂಸರ ವಾಡಿಕೆ. ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನೂ ಆ ಪಂಕ್ತಿಯಲ್ಲಿ ಕೂರಬೇಕಾದವನೇ. ಆದರೆ ಪೋರ್ಥೋಸ್ ಬಿಡಬೇಕಲ್ಲ!

ಅಲೆಕ್ಸಾಂಡರ್ ಡ್ಯೂಮಾ 1844ರಲ್ಲಿ ಪ್ಯಾರಿಸಿನ ಪತ್ರಿಕೆಯೊಂದಕ್ಕೆ ಧಾರಾವಾಹಿಯಾಗಿ ಬರೆದ 'ತ್ರೀ ಮಸ್ಕಿಟಿಯರ್ಸ್' ಬಹುಮಂದಿಗೆ ಗೊತ್ತು. ಅದರ ನಾಲ್ವರು ಗೆಳೆಯರು ಒಂದೇ ತಾಯಿಯ ಮಕ್ಕಳಲ್ಲ. ದ್ವಂದ್ವಯುದ್ಧಕ್ಕೆಂದು ಎದುರಾದವರು ಅಣ್ಣತಮ್ಮಂದಿರಾದರು. ಅವರಲ್ಲಿ ಪೋರ್ಥೋಸ್ ದೈತ್ಯದೇಹಿ; ಊಟ, ಉಡುಪು, ಜಂಬ ಇಷ್ಟೇ ಅವನ ಪ್ರಪಂಚ. ಬುದ್ಧಿ ಕೊಂಚ ನಿಧಾನ.

1847ರಿಂದ 1850ರವರೆಗೆ ಪ್ರಕಟವಾದ ಕಡೆಯ ಭಾಗಕ್ಕೆ ಬರುವಾಗ ಅವನಿಗೆ ವಯಸ್ಸಾಗಿದೆ. ಹದಿನಾಲ್ಕನೆಯ ಲೂಯಿಯನ್ನು ಇಳಿಸಿ ಅವನ ಅವಳಿಯನ್ನು ಪಟ್ಟಕ್ಕೇರಿಸಲು ಗೆಳೆಯ ಅರಾಮಿಸ್ ಪಿತೂರಿ ಹೂಡುತ್ತಾನೆ. ದೊರೆಯ ಕೆಲಸವೆಂದು ನಂಬಿಸಿ ಪೋರ್ಥೋಸನನ್ನೂ ಅದರೊಳಕ್ಕೆ ಎಳೆಯುತ್ತಾನೆ. ಬೆಲ್ ಈಲ್ ದ್ವೀಪದಲ್ಲಿ ನಿಜ ತಿಳಿದಾಗ ಪೋರ್ಥೋಸ್ ಮುನಿಯುವುದಿಲ್ಲ. ಸೈನಿಕರು ಗುಹೆಗೆ ನುಗ್ಗಿದಾಗ ಮದ್ದಿನ ಪೀಪಾಯಿಯನ್ನು ಅವರ ನಡುವೆ ಎಸೆಯುತ್ತಾನೆ. ಓಡುವಾಗ ಕಾಲು ಸೋಲುತ್ತದೆ. ಕುಸಿಯುವ ಬಂಡೆಗಳನ್ನು ಹೆಗಲಿನಿಂದ ತಡೆದು, ಕೊನೆಗೆ ಅವುಗಳಡಿಯೇ ಮಲಗುತ್ತಾನೆ. ಅರಾಮಿಸ್ ದೋಣಿಯಲ್ಲಿ ಪಾರಾಗುತ್ತಾನೆ.

ತರಗತಿಯಲ್ಲಿ ಪಂಪನ ಕರ್ಣ ಬಂದಾಗಲೆಲ್ಲ ನನಗೆ ಇವನ ನೆನಪು. ಹೆತ್ತವಳೇ ಬಂದು ಕರೆದರೂ ಕರ್ಣ ಗೆಳೆಯನನ್ನು ಬಿಡಲಿಲ್ಲ. ಆದರೆ ಅವನಿಗೆ ಅನ್ನದ ಋಣದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಪೋರ್ಥೋಸನಿಗೆ ಲೆಕ್ಕವೇ ಬಾರದು. ರಕ್ತದ ನಂಟಿಗೆ ಹುಟ್ಟಿನ ಆಸರೆಯಿದೆ. ಮುನಿದು ದೂರವಾದರೂ ಅಣ್ಣ ಅಣ್ಣನೇ. ತಾವಾಗಿ ಕೂಡಿಕೊಂಡವರ ಮನೆಗೆ ಅಂಥ ಕಂಬವಿಲ್ಲ. ಯಾರಾದರೊಬ್ಬರು ಹೆಗಲು ಕೊಟ್ಟರೆ ಮಾತ್ರ ಸೂರು ನಿಂತೀತು.

ಇದನ್ನು ನಾನು ಪುಸ್ತಕದಿಂದಷ್ಟೇ ಕಲಿತವನಲ್ಲ. ಎಂ.ಎ. ಓದುವಾಗ ನಾವು ಮೂವರು ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ನನಗೆ ಟೈಫಾಯಿಡ್ ಬಂತು. ಮೂವರಲ್ಲಿ ದಡ್ಡನೆನಿಸಿಕೊಂಡಿದ್ದವನು ಹಗಲಿರುಳು ಹಣೆಗೆ ಒದ್ದೆಬಟ್ಟೆ ಹಾಕುತ್ತ ಕುಳಿತ. ಅದೇ ವಾರ ಅವನು ನೌಕರಿಯ ಪರೀಕ್ಷೆಗೆಂದು ಪರಊರಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಆಮೇಲೆ ಕೇಳಿದರೆ, "ಹೇಗೂ ಓದಿರಲಿಲ್ಲ ಕಣೋ" ಎಂದು ನಕ್ಕುಬಿಟ್ಟ. ಅವನು ಓದಿದ್ದುದೂ ಗೊತ್ತು. ದಿಂಬಿನಡಿ ಇಟ್ಟಿದ್ದ ರೈಲು ಟಿಕೀಟನ್ನೂ ನಾನು ನೋಡಿದ್ದೆ. ಅಂಥ ನೌಕರಿ ಅವನಿಗೆ ಮತ್ತೆ ಸಿಗಲಿಲ್ಲ.

ಅರಾಮಿಸನಿಗೆ ಗೆಳೆಯನ ಮುಖ ಮತ್ತೆ ಕಾಣುವ ಭಾಗ್ಯವಿರಲಿಲ್ಲ. ನನ್ನ ಗೆಳೆಯ ದೇವರ ದಯೆಯಿಂದ ಚೆನ್ನಾಗಿದ್ದಾನೆ. ಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಬರುವ ರಜೆಯಲ್ಲಿ ಹೋಗಿ ನಾಲ್ಕು ದಿನ ಅವನ ಜತೆ ಇದ್ದು ಬರಬೇಕು.