ಅಧಿಕಪ್ರಸಂಗ

ಮನೆಗೆ ಹಿರಿಯರು ಬಂದು ಕುಳಿತಿರುವಾಗ ಕಿರಿಯರಾರಾದರೂ ನಡುವೆ ಬಾಯಿಹಾಕಿದರೆ, ಹಳೆಯ ಮೈಸೂರು ಸೀಮೆಯ ಗೃಹಸ್ಥರ ಬಾಯಿಂದ ತಟಕ್ಕನೆ ಹೊರಡುವ ಮಾತೊಂದುಂಟು: ‘ಅಧಿಕಪ್ರಸಂಗ’. ಮಾಡಿದವನು ಅಧಿಕಪ್ರಸಂಗಿ. ಸುಳ್ಳು ಹೇಳಿದವನಿಗೆ ಈ ಬಿರುದು ಸಲ್ಲದು. ಆಡಿದ ಮಾತು ದಿಟವಾಗಿದ್ದರೂ ಆಡಬಾರದ ವೇಳೆಯಲ್ಲಿ ಆಡಬಾರದವನು ಆಡಿದನೆಂಬುದೇ ಇಲ್ಲಿಯ ಅಪರಾಧ. ತಮಿಳರೂ ತೆಲುಗರೂ ಮಲೆಯಾಳಿಗಳೂ ಇದೇ ಶಬ್ದವನ್ನು ತಮ್ಮ ತಮ್ಮ ಉಚ್ಚಾರಣೆಯಲ್ಲಿ ಬಳಸುವರಾದ ಕಾರಣ, ರಾಜಗೋಪಾಲಾಚಾರ್ಯರ ಹೆಸರಿನಲ್ಲಿ 1949ರಲ್ಲಿ ತಲೆಯೆತ್ತಿದ ರಾಜಾಜಿನಗರದಂತಹ ಬಡಾವಣೆಯಲ್ಲಿ ನೆರೆಮನೆಯವರು ಗದರಿದುದನ್ನು ತಿಳಿಯಲು ಭಾಷಾಂತರದ ಅಗತ್ಯವೇ ಇಲ್ಲ.

ಪ್ರಸಂಗವೆಂದರೆ ಸಂದರ್ಭ, ಮಾತುಕತೆಯೂ ಅಹುದು. ಯಕ್ಷಗಾನದವರಿಗೆ ಆಡುವ ಕಥೆಯೇ ಪ್ರಸಂಗ. ಶಾಸ್ತ್ರಗಳಲ್ಲಿ ಇದರ ನೆಂಟನಾದ ‘ಅತಿಪ್ರಸಂಗ’ವೆಂಬುದೊಂದಿದೆ: ನಿಯಮವು ತನಗೆ ಸೇರದ ಎಡೆಗೂ ಹರಿದುಹೋಗುವುದು. ತರ್ಕಸಂಗ್ರಹಕ್ಕೆ ಅನ್ನಂಭಟ್ಟನೇ ಬರೆದ ದೀಪಿಕೆಯಲ್ಲಿ ಅತಿವ್ಯಾಪ್ತಿಗೆ ಕೊಟ್ಟಿರುವ ಉದಾಹರಣೆ ಈ ಬಗೆಯದೇ. ಕೊಂಬುಳ್ಳುದು ಹಸುವೆಂದು ಲಕ್ಷಣ ಹೇಳಿದರೆ ಎಮ್ಮೆಯೂ ಹಸುವಾಗಬೇಕಾಗುತ್ತದೆ.

ರಾಜಾಜಿನಗರದ ನಿವೃತ್ತ ಸಂಸ್ಕೃತ ಉಪಾಧ್ಯಾಯರೊಬ್ಬರು ಈ ಹಸುವಿನ ಪಾಠವನ್ನು ಎಷ್ಟೋ ವರ್ಷ ಹೇಳಿದವರು. ಒಂದು ಭಾನುವಾರ ಅವರ ಮನೆಗೆ ಕೆಂಗೇರಿಯ ಬೀಗರು ಬಂದಿದ್ದರು. ಮಾತಿನ ನಡುವೆ ಉಪಾಧ್ಯಾಯರು ಮಡದಿಗೆ ರಕ್ತದೊತ್ತಡದ ಮಾತ್ರೆಯನ್ನು ತೆಗೆದುಕೊಟ್ಟರು.

“ತಾತ, ಅಜ್ಜಿ ಆಗಲೇ ತೊಗೊಂಡರು” ಎಂದಳು ಹತ್ತು ವರ್ಷದ ಮೊಮ್ಮಗಳು.

“ದೊಡ್ಡವರು ಮಾತಾಡುವಾಗ ಅಧಿಕಪ್ರಸಂಗ ಮಾಡಬೇಡ.”

ಹುಡುಗಿ ಸುಮ್ಮನಾದಳು. ಆಕೆಯ ಅಜ್ಜಿಯೋ ಮರೆವಿನವರು. ನೀರು ಕುಡಿದು ನುಂಗಿಬಿಟ್ಟರು. ಸಂಜೆ ದೇವರಮನೆಯ ಹೊಸ್ತಿಲಲ್ಲಿ ತಲೆತಿರುಗಿ ಬಿದ್ದರು. ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದು, ದೈವಕೃಪೆಯಿಂದ ಮನೆಗೆ ಮರಳಿದರು.

ಆ ಎರಡು ರಾತ್ರಿಯೂ ಉಪಾಧ್ಯಾಯರಿಗೆ ನಿದ್ರೆ ಹತ್ತಲಿಲ್ಲ. ಮಾತು ಅಧಿಕವಾದುದು ಯಾರದು? ಮಗು ಆಡಿದ್ದು ನಾಲ್ಕೇ ಪದ. ಅವುಗಳಲ್ಲಿ ಒಂದೂ ಹೆಚ್ಚಿನದಲ್ಲ. ಕಿರಿಯರಾಡಿದುದೆಲ್ಲ ಅಧಿಕಪ್ರಸಂಗವೆಂಬ ಲಕ್ಷಣವೇ ಎಮ್ಮೆಯನ್ನು ಹಸುವಿನ ಕೊಟ್ಟಿಗೆಗೆ ಕಟ್ಟಿತ್ತು. ಹಾಗೆಂದು ಶಬ್ದವನ್ನೇ ಮನೆಯಿಂದ ಹೊರಹಾಕಲೂ ಬಾರದು. ಸಾವಿನ ಮನೆಗೆ ಬಂದು ಆಸ್ತಿಯ ಪಾಲನ್ನು ವಿಚಾರಿಸುವವರಿಗೆ, ಹೆಣ್ಣು ನೋಡಬಂದು ಹುಡುಗಿಯ ಮೈಬಣ್ಣದ ಮಾತೆತ್ತುವವರಿಗೆ ಇದಕ್ಕಿಂತ ತಕ್ಕ ಹೆಸರು ಕನ್ನಡದಲ್ಲಿ ಎಲ್ಲಿದೆ? ಆದರೆ ಅಂಥವರು ಬಹುಮಟ್ಟಿಗೆ ಹಿರಿಯರೇ ಆಗಿರುವುದರಿಂದ ಅವರನ್ನು ಯಾರೂ ಹಾಗೆನ್ನುವುದಿಲ್ಲ!

ಉಪಾಧ್ಯಾಯರು ಮೊಮ್ಮಗಳನ್ನು ಹತ್ತಿರ ಕರೆದು, ತಪ್ಪು ತಮ್ಮದೆಂದು ಒಪ್ಪಿಕೊಂಡರು. ಅವಳು ತಲೆಯಾಡಿಸಿದಳು. ನಾಲ್ಕು ದಿನಗಳ ಮೇಲೆ ಒಲೆಯ ಮೇಲಣ ಹಾಲು ಉಕ್ಕಿ ಹರಿದಾಗ, ಹುಡುಗಿ ಅಡಿಗೆಮನೆಯ ಬಾಗಿಲಲ್ಲಿಯೇ ನಿಂತು ನೋಡುತ್ತಿದ್ದಳು.

“ಒಂದು ಕೂಗು ಕೂಗಬಾರದೇನಮ್ಮ?” ಎಂದರು ಉಪಾಧ್ಯಾಯರು.

“ನೀವು ಫೋನಿನಲ್ಲಿ ಮಾತಾಡುತ್ತಿದ್ದಿರಿ, ತಾತ.”