ಕುಲುಮೆಯ ಮುಂದಿನ ಕಾಯಕ

ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಸ್ಥಾನವನ್ನಿತ್ತರೆಂಬುದನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಕಾಯಕವೂ ಪೂಜೆಯೂ ಒಂದೇ ಗಳಿಗೆಯಲ್ಲಿ ಎದುರುಬದುರು ನಿಂತಾಗ ಯಾವುದು ಮೊದಲು? ಕಾಯಕದಿಂದ ಬಂದ ಹಣದ ಮುಂದೆ ಮಡದಿ ಮಕ್ಕಳ ಹಕ್ಕೂ ಒಡಹುಟ್ಟಿದವರ ಕಷ್ಟವೂ ಒಟ್ಟಿಗೆ ಬಂದು ನಿಂತಾಗ ಯಾರು ಮೊದಲು? ಈ ಎರಡು ಪ್ರಶ್ನೆಗಳನ್ನು ಬಾಳಿನಲ್ಲಿಯೇ ಎದುರಿಸಿದ ಒಬ್ಬ ಸಾಮಾನ್ಯ ಭಕ್ತರ, ನನ್ನ ಅಜ್ಜನವರ, ನೆನಪನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇನೆ.

ಅಜ್ಜನವರು ಹುಟ್ಟಿದ್ದು 1930ರಲ್ಲಿ, ರೋಣ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲು ಮನೆತನದಲ್ಲಿ. ಆ ಸೀಮೆ ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮನೆಗಿದ್ದುದು 8 ಎಕರೆ ಎರೆಹೊಲ. ಮಳೆ ಬಂದರೆ ಬಿಳಿಜೋಳ, ಕಡಲೆ, ಹತ್ತಿ, ಬಾರದಿದ್ದರೆ ಸಾಲ. ಇಬ್ಬರು ಅಣ್ಣತಮ್ಮಂದಿರ ಸಂಸಾರಗಳಿಗೆ ಅಷ್ಟು ಭೂಮಿ ಸಾಲದೆಂಬುದನ್ನು ಕಂಡು, ಹಿರಿಯರಾದ ಅಜ್ಜನವರೇ ಹೊರಗೆ ಹೋಗಲು ನಿಶ್ಚಯಿಸಿದರು. 1952ರಲ್ಲಿ ರೊಟ್ಟಿಯ ಗಂಟು ಕಟ್ಟಿಕೊಂಡು ಮಲ್ಲಾಪುರ ನಿಲ್ದಾಣದಲ್ಲಿ ರೈಲು ಹತ್ತಿ, ಗದಗ, ಹುಬ್ಬಳ್ಳಿ, ಬೀರೂರುಗಳ ಮಾರ್ಗವಾಗಿ ಭದ್ರಾವತಿಯನ್ನು ಸೇರಿದರು. ಕರ್ನಾಟಕ ಒಂದಾಗಲು ಇನ್ನೂ 4 ವರ್ಷ ಬಾಕಿಯಿದ್ದವು. ಅವರ ಪಾಲಿಗೆ ಅದು ಬೇರೊಂದು ರಾಜ್ಯವೇ ಆಗಿತ್ತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸವನ್ನಾರಂಭಿಸಿದ್ದಿತು. ಆರಂಭದ ಸಂಕಟಕಾಲದಲ್ಲಿ ಅದನ್ನು ಎತ್ತಿ ನಿಲ್ಲಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು, ಮುಂದೆ ಕಾರ್ಖಾನೆ ಅವರ ಹೆಸರನ್ನೇ ಹೊತ್ತಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಮೊದಲು ಮಲೆನಾಡಿನ ಕಾಡಿನ ಇದ್ದಿಲು ಕುಲುಮೆಯನ್ನು ಉರಿಸುತ್ತಿತ್ತು. ಬಳಿಕ ವಿದ್ಯುತ್ ಕುಲುಮೆಗಳು ಬಂದವು. ಬಯಲುಸೀಮೆಯ ಒಕ್ಕಲಿಗ ಹುಡುಗ ತಮಿಳರು, ತೆಲುಗರು, ಮಲೆನಾಡಿಗರ ನಡುವೆ ಕುಲುಮೆಯ ಮುಂದೆ ನಿಂತು, ಉದ್ದನೆಯ ಸಲಾಕೆಯಿಂದ ಬಾಯಿ ತೆರೆದು ಕರಗಿದ ಕಬ್ಬಿಣವನ್ನು ಹರಿಯಬಿಡುವ, ಮತ್ತೆ ಮಣ್ಣಿನಿಂದ ಆ ಬಾಯಿಯನ್ನು ಮುಚ್ಚುವ ಕೆಲಸವನ್ನು ಕಲಿತರು.

ಅಜ್ಜನವರು ಇಷ್ಟಲಿಂಗ ಪೂಜೆಯಾಗದ ಹೊರತು ಅನ್ನವನ್ನಿರಲಿ, ನೀರನ್ನೂ ಮುಟ್ಟುವವರಲ್ಲ. ಕಾರ್ಖಾನೆಯ ಪಾಳಿಗೆ ತಕ್ಕಂತೆ ಅವರ ಪೂಜೆಯ ಹೊತ್ತು ಬದಲಾಗುತ್ತಿತ್ತು. ಬೆಳಗಿನ ಪಾಳಿಯಿದ್ದರೆ ನಸುಕಿನ 4 ಗಂಟೆಗೆ ಸ್ನಾನ, ವಿಭೂತಿ, ಪೂಜೆ. ರಾತ್ರಿಯ ಪಾಳಿಯಾದರೆ ಬೆಳಿಗ್ಗೆ ಮನೆಗೆ ಬಂದು ಮೈಯ ಮಸಿಯನ್ನು ತೊಳೆದ ಮೇಲೆ. ಆದರೆ ಉರಿಯುವ ಕುಲುಮೆಯನ್ನು ಬಿಟ್ಟು ಬರುವಂತಿಲ್ಲ. ಒಳಗೆ ಲೋಹ ಹೆಪ್ಪುಗಟ್ಟಿತೆಂದರೆ ಅಪಾರ ನಷ್ಟ. ಮುಂದಿನ ಪಾಳಿಯವನು ಬಂದು ಸಲಾಕೆ ಹಿಡಿಯುವವರೆಗೆ ಹಿಂದಿನವನು ನಿಲ್ಲಲೇಬೇಕು. ಮಳೆಗಾಲದಲ್ಲಿ ಜೊತೆಗಾರ ಬಾರದೆ ಹೋದ ದಿನ, ರಾತ್ರಿಯ ಪಾಳಿ ಮುಗಿಸಿದ ಅಜ್ಜನವರು ಹಗಲಿನ ಪಾಳಿಯನ್ನೂ ಮುಗಿಸಿ, ಇಳಿಹೊತ್ತಿನಲ್ಲಿ ಮನೆಗೆ ಬಂದು ಪೂಜೆಗೆ ಕುಳಿತದ್ದುಂಟು. ಅಷ್ಟು ಹೊತ್ತೂ ಆ ಝಳದ ಮುಂದೆ ಗಂಟಲಿಗೆ ಒಂದು ಹನಿ ನೀರಿಲ್ಲ.

ರಜೆಯಲ್ಲಿ ಊರಿಗೆ ಬಂದಾಗ ಮಠದ ಹಿರಿಯ ಸ್ವಾಮಿಗಳ ಮುಂದೆ ಅವರು ಈ ತೊಡಕನ್ನು ನಿವೇದಿಸಿಕೊಂಡರಂತೆ. ಹೊತ್ತು ತಪ್ಪಿದ ಪೂಜೆ ಪೂಜೆಯಾದೀತೇ ಎಂಬುದು ಅವರ ಅಳುಕು. ಸ್ವಾಮಿಗಳು ನುಲಿಯ ಚಂದಯ್ಯನವರ ಕಥೆಯನ್ನು ನೆನಪಿಸಿದರು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಬಿದ್ದರೂ ಚಂದಯ್ಯನವರು ಹಗ್ಗ ಹೊಸೆಯುವ ಕಾಯಕವನ್ನು ನಿಲ್ಲಿಸದೆ ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿತು. “ನಿನ್ನ ಕೈ ಸಡಿಲಾದರ ಬ್ಯಾರೆಯವರ ಜೀವಕ್ಕ ಕುತ್ತು. ಕೈಕಾಲು ತೊಳಕೊಂಡು, ಮನಸಿನ್ಯಾಗ ನೆನೆದು, ನೀರು ಕುಡಿ ತಮ್ಮಾ” ಎಂದು ಅಪ್ಪಣೆಯಿತ್ತರು. ಅಂದಿನಿಂದ ಅಜ್ಜನವರು ನೀರು ಕುಡಿದರು; ಆದರೆ ಅನ್ನದ ನೇಮವನ್ನು ಸಡಿಲಿಸಲಿಲ್ಲ. ಮೊದಲನೆಯ ಪ್ರಶ್ನೆ ಹೀಗೆ ಗುರುವಾಕ್ಯದಿಂದ ಬಗೆಹರಿಯಿತು. ಎರಡನೆಯದು ಅಷ್ಟು ಸುಲಭದಲ್ಲಿ ಬಗೆಹರಿಯಲಿಲ್ಲ.

ಊರಿನ ಹೊಲವನ್ನು ಅವರ ತಮ್ಮ, ನಮ್ಮ ಸಣ್ಣಜ್ಜ, ಉಳುತ್ತಿದ್ದರು. ಬರಗಾಲಗಳಲ್ಲಿ ಸಾಲ ಬೆಳೆಯಿತು, ಹೊಲ ಒತ್ತೆ ಬಿದ್ದಿತು. ನರಗುಂದ ನಮ್ಮ ಅಜ್ಜಿಯ ತವರು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು, 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗೋಲಿಬಾರು ನಡೆದ ಸುದ್ದಿ ಭದ್ರಾವತಿಗೆ ಮುಟ್ಟಿದಾಗ ಅಜ್ಜಿ ತವರಿನವರ ಕ್ಷೇಮದ ಕಾಗದ ಬರುವವರೆಗೂ ಸರಿಯಾಗಿ ಉಣ್ಣಲಿಲ್ಲವಂತೆ. ಸಂಬಳದ ಮನೆ ಮತ್ತು ಹೊಲದ ಮನೆಗಳ ನಡುವಿನ ಅಂತರವನ್ನು ಅಜ್ಜನವರು ಆಗ ಬಹಳವಾಗಿ ಯೋಚಿಸಿದ್ದಿರಬೇಕು.

1988ರಲ್ಲಿ ಅವರು ನಿವೃತ್ತರಾದರು. ಗ್ರಾಚ್ಯುಟಿ, ಭವಿಷ್ಯ ನಿಧಿಗಳ ಹಣ ಕೈಸೇರಿತು. ಅದರಲ್ಲಿ ಅರ್ಧವನ್ನು ಕೊಟ್ಟು ಅವರು ಒತ್ತೆಯ ಹೊಲವನ್ನು ಬಿಡಿಸಿದರು. ಬಳಿಕ ಆ ಹೊಲದಲ್ಲಿ ತಮಗೆ ಪಾಲು ಬೇಡವೆಂದು ತಮ್ಮನ ಹೆಸರಿಗೇ ಬರೆದುಕೊಟ್ಟರು. ಮೂವತ್ತಾರು ವರ್ಷ ಹೊಲವನ್ನು ಕಾದವನು ಅವನು, ಹೊಲ ಅವನದು ಎಂಬುದು ಅವರ ನ್ಯಾಯ.

ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಅಜ್ಜಿಯವರು ಒಪ್ಪಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಿಗೆ ಅಕ್ಕಿಯನ್ನು ಆಯ್ದು ತಂದಾಗ, ನಮಗೆ ಬೇಕಾದುದಕ್ಕಿಂತ ಹೆಚ್ಚು ಬೇಡವೆಂದು ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಕಳುಹಿದ ಕಥೆಯನ್ನು ಅಜ್ಜನವರು ಹೇಳಲು ತೊಡಗಿದರೆ, ಅಜ್ಜಿ, “ಲಕ್ಕಮ್ಮನ ಮನ್ಯಾಗ ಮದುವಿಗಿ ಬಂದ ಮಗಳು ಇದ್ದಿಲ್ಲ, ನೋಡ್ರಿ” ಎನ್ನುತ್ತಿದ್ದರು. ಅಜ್ಜನವರಲ್ಲಿ ಆ ಮಾತಿಗೆ ಉತ್ತರವಿರಲಿಲ್ಲ. ಅವರು ಸುಮ್ಮನಾಗುತ್ತಿದ್ದರು, ನಿರ್ಧಾರವನ್ನು ಮಾತ್ರ ಬದಲಿಸಲಿಲ್ಲ.

ಅತ್ತೆಯ ವಿವಾಹವು ಮಠವೊಂದರ ಸಾಮೂಹಿಕ ವಿವಾಹದಲ್ಲಿ ನೆರವೇರಿತು. ವರನದು ಗಜೇಂದ್ರಗಡದ ನೇಕಾರ ಮನೆತನ. ಅವರು ವರದಕ್ಷಿಣೆ ಕೇಳಲಿಲ್ಲ. ಬಂಗಾರವನ್ನು ಹಾಕಲು ನಮ್ಮವರಿಂದಲೂ ಆಗಲಿಲ್ಲ. ಅತ್ತೆ ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ಕಾಲಕಾಲೇಶ್ವರನ ಬೆಟ್ಟಕ್ಕೆ ಒಮ್ಮೆ ಅವರೊಡನೆ ಹೋಗಿದ್ದಾಗ, ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತ ಕೇಳಿದೆ. “ಹತ್ತು ವರ್ಷ ಸಿಟ್ಟಿತ್ತವ್ವಾ,” ಎಂದರು. “ನನ್ನ ಕೂಡ ಒಂದು ಮಾತು ಕೇಳಿದ್ದರ ನಾನ ಕೊಡ್ರಿ ಅಂತಿದ್ದೆ. ಕೇಳಲಿಲ್ಲ, ಅದಕ್ಕ ಸಿಟ್ಟು.”

ಈ ಮಾತನ್ನು ಇಲ್ಲಿ ಮರೆಮಾಚದೆ ಬರೆಯಲು ಕಾರಣವಿದೆ. ಹಿರಿಯರನ್ನು ನೆನೆಯುವಾಗ ನಾವು ಅವರ ದಾನವನ್ನು ಹೊಗಳುತ್ತೇವೆ. ಆ ದಾನಕ್ಕಾಗಿ ತಮ್ಮ ಪಾಲನ್ನು ಬಿಟ್ಟುಕೊಟ್ಟ ಮನೆಯ ಹೆಣ್ಣುಮಕ್ಕಳನ್ನು ಮರೆಯುತ್ತೇವೆ. ಲಕ್ಕಮ್ಮನವರ ಕಥೆಯಲ್ಲಿ ಬೇಡವೆಂದು ನಿರ್ಧರಿಸಿದವರು ಮನೆಯ ಹೆಣ್ಣು. ನಮ್ಮ ಮನೆಯಲ್ಲಿ ಆ ನಿರ್ಧಾರ ಅಜ್ಜನವರೊಬ್ಬರದೇ ಆಗಿತ್ತು. ಅವರು ಮಾಡಿದ್ದು ಧರ್ಮವೇ ಎಂದು ನಾನು ನಂಬುತ್ತೇನೆ. ಆದರೆ ದಾಸೋಹವು ಮನೆಮಂದಿಯೆಲ್ಲ ಕೂಡಿ ನೀಡಿದಾಗಲೇ ಪೂರ್ಣವಾಗುವುದೆಂಬುದನ್ನೂ ಅವರ ಬಾಳಿನಿಂದಲೇ ಕಲಿತೆ.

ನಿವೃತ್ತಿಯ ನಂತರ ಅಜ್ಜ ಅಜ್ಜಿಯರು ಊರಿಗೆ ಬಂದು, ಹಳೆಯ ಮನೆಯ ಎರಡು ಅಂಕಣಗಳಲ್ಲಿ ಇದ್ದರು. ಸಲಾಕೆ ಹಿಡಿದು ಜಡ್ಡುಗಟ್ಟಿದ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅಜ್ಜನವರು ಪೂಜೆಗೆ ಕುಳಿತಾಗ ನಾವು ಮಕ್ಕಳು ಸದ್ದುಮಾಡದೆ ನೋಡುತ್ತಿದ್ದೆವು. ನಸುಕಿನ 4 ಗಂಟೆಗೆ ಏಳುವ ರೂಢಿ ಕೊನೆಯವರೆಗೂ ತಪ್ಪಲಿಲ್ಲ.

2009ರಲ್ಲಿ ಅವರು ಲಿಂಗೈಕ್ಯರಾದರು. ಸಣ್ಣಜ್ಜನವರು ಹಟಹಿಡಿದು ಅದೇ ಹೊಲದ ಬದುವಿನಲ್ಲಿ ಸಮಾಧಿ ಮಾಡಿಸಿದರು. ಬಿಟ್ಟುಕೊಟ್ಟ 8 ಎಕರೆಯಲ್ಲಿ ಅವರು ಮರಳಿ ಪಡೆದುದು ಅಷ್ಟೇ ಜಾಗ. 2023ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಗಿ ಕಾರ್ಮಿಕರು ಬೀದಿಗಿಳಿದಾಗ, ಈ ಸುದ್ದಿಯನ್ನು ಕೇಳಲು ಅಜ್ಜನವರು ಇಲ್ಲವಲ್ಲ ಎಂದು ಮನೆಯವರೆಲ್ಲ ಒಂದು ಬಗೆಯ ಸಮಾಧಾನವನ್ನೇ ಪಟ್ಟೆವು.

ಪ್ರತಿ ವರ್ಷ ಅವರ ಸ್ಮರಣೆಯ ದಿನ ಮನೆಯವರೆಲ್ಲ ಆ ಹೊಲದಲ್ಲಿ ಸೇರುತ್ತೇವೆ. ಅಂದಿನ ಪ್ರಸಾದಕ್ಕೆ ಏನು, ಎಷ್ಟು, ಯಾರಿಗೆ ಎಂಬುದನ್ನು ನಿಶ್ಚಯಿಸುವವರು ಗಜೇಂದ್ರಗಡದ ನಮ್ಮ ಅತ್ತೆ. ಅವರನ್ನು ಕೇಳದೆ ಆ ದಿನ ಒಲೆ ಹೊತ್ತುವುದಿಲ್ಲ.