ಗೋಡೆಯಾಚೆಯ ವೈಫೈ

ಚನ್ನಪಟ್ಟಣದ ನಮ್ಮ ಮನೆಯನ್ನು ಅಬ್ಬಾ ಸೈಜುಗಲ್ಲಿನಲ್ಲಿ ಕಟ್ಟಿಸಿದ್ದರು. ಸುತ್ತ ಬಂಡೆಗಳೇ ಇರುವ ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಅಬ್ಬಾ ತೀರಿಕೊಂಡ ಮರುವರ್ಷ, 2012ರಲ್ಲಿ, ನಾನೂ ಅಣ್ಣನೂ ಪಾಲಾದೆವು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಯಾರಾದರೂ ಹಿರಿಯರು ಕೂರಿಸಿ ರಾಜಿ ಮಾಡಿಸುತ್ತಿದ್ದರೇನೋ. ನಡುಮನೆಯ ಬಾಗಿಲು ಕಿತ್ತು, ಆ ಜಾಗಕ್ಕೆ ಇಟ್ಟಿಗೆ ಕಟ್ಟಿಸಿದೆವು. ಆ ಕಡೆ ಅಣ್ಣ ಮತ್ತು ಅವರ ಲೇತು, ಈ ಕಡೆ ನಾನು ಮತ್ತು ನನ್ನ ಪುಸ್ತಕಗಳು. ಅಮ್ಮಿ ಮಾತ್ರ ಎರಡೂ ಮನೆಯವರಾಗಿ ಉಳಿದರು.

ಅಣ್ಣನದು ಬೊಂಬೆ ಕೆಲಸ. ನಾನು ಕನಕಪುರದ ಕಡೆ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಮೊಬೈಲಿನಲ್ಲೇ ಪಾಠ ಮಾಡಬೇಕಾಗಿ ಬಂದು ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ಒಂದು ದಿನ ಅಣ್ಣನ ಮಗಳು ಬಂದು, "ಚಾಚಾ, ಪಾಸ್‌ವರ್ಡ್ ಕೊಡ್ತೀರಾ? ನಮ್ಮನೇಲಿ ಸಿಗ್ನಲ್ ಬರಲ್ಲ" ಅಂದಳು. "ನೆಟ್ ನಿಧಾನ ಆಗುತ್ತಮ್ಮ, ನನ್ನ ಕ್ಲಾಸು ನಿಂತುಹೋಗುತ್ತೆ" ಅಂದೆ. ಅದು ಸುಳ್ಳು. ಮೂರು ಮೊಬೈಲಿನ ಪಾಠಕ್ಕೆ ಸಾಲುವಷ್ಟು ವೇಗ ಅದಕ್ಕಿತ್ತು. ಆಚೆ ಕಡೆಯವರಿಗೆ ಏನನ್ನಾದರೂ ಕೊಡುವ ಅಭ್ಯಾಸ ನನಗೆ ತಪ್ಪಿಹೋಗಿತ್ತು, ಅಷ್ಟೆ.

ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು ಪಾಠ ಕೇಳತೊಡಗಿದಳು. ಆ ವರ್ಷ ಅವಳದು ಹತ್ತನೇ ತರಗತಿ. ಒಂದು ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಕಿಟಕಿಯಿಂದ ನೋಡಿದರೆ ಅಮ್ಮಿ ಮೊಮ್ಮಗಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಮಂಡಿನೋವಿನ ಅಮ್ಮಿ ಮೆಟ್ಟಿಲು ಹತ್ತುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ನನ್ನತ್ತ ಅವರು ನೋಡಲೂ ಇಲ್ಲ.

ಅಂದೇ ಪಾಸ್‌ವರ್ಡ್ ಕೊಟ್ಟೆ. ಪ್ರಯೋಜನವಾಗಲಿಲ್ಲ! ಒಂದೂವರೆ ಅಡಿ ಕಲ್ಲುಗೋಡೆಯನ್ನು ವೈಫೈ ಅಲೆ ದಾಟಲಾರದು. ರೂಟರನ್ನು ಬೀರುವಿನ ಮೇಲಿಟ್ಟೆ, ಕಿಟಕಿಯಲ್ಲಿಟ್ಟೆ. ಆಚೆ ಒಂದು ಗೀಟು ಬಂದು ಮಾಯವಾಗುತ್ತಿತ್ತು. ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಓಡುತ್ತದೆ. 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ಗೋಡೆ ಕಂಡರೆ ಸೋಲುತ್ತದೆ. 2.4ರದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. ನಮ್ಮ ದೇಶದಲ್ಲಿ ಈ 2.4ರ ಪಟ್ಟಿಗೆ 2005ರಲ್ಲೇ ಲೈಸೆನ್ಸ್ ಬೇಡವಾಯಿತು. ನಮ್ಮ ಕಲ್ಲಿನ ಮುಂದೆ ಅದೂ ಸೋತಿತು.

ಉಳಿದದ್ದು ತಂತಿಯ ದಾರಿ. ಮೂಲೆಯಲ್ಲಿ ಹಳೆಯ ರೂಟರೊಂದು ಬಿದ್ದಿತ್ತು. ಅದರಲ್ಲಿ ವಿಳಾಸ ಹಂಚುವ ಕೆಲಸವನ್ನು, ಅಂದರೆ ಡಿಎಚ್‌ಸಿಪಿಯನ್ನು, ನಿಲ್ಲಿಸಬೇಕು; ಒಂದು ಮನೆಗೆ ಇಬ್ಬರು ಯಜಮಾನರಾದರೆ ಗೊಂದಲ ತಪ್ಪದು. ಅದಕ್ಕೆ ಹೊಸ ರೂಟರಿನದಲ್ಲದ ಬೇರೊಂದು ಐಪಿ ವಿಳಾಸ ಕೊಟ್ಟು, ಎರಡರ ಲ್ಯಾನ್ ತೂತುಗಳಿಗೆ ಕೇಬಲ್ ಸಿಕ್ಕಿಸಿದರೆ ಮುಗಿಯಿತು. ಖರ್ಚು ಕೇಬಲಿನದು ಮಾತ್ರ, ನಾನೂರು ರೂಪಾಯಿ ದಾಟಲಿಲ್ಲ.

ಆದರೆ ಕೇಬಲ್ ಹೋಗುವುದೆಲ್ಲಿ? ಕಲ್ಲು ಕೊರೆಯುವಂತಿಲ್ಲ. ಇಟ್ಟಿಗೆ ಇದ್ದದ್ದು ಒಂದೇ ಕಡೆ, ಹಳೆಯ ಬಾಗಿಲಿನ ಜಾಗದಲ್ಲಿ. ಎಂಟು ವರ್ಷಗಳಲ್ಲಿ ಮೊದಲ ಸಲ ಅಣ್ಣನ ಹೊಸ್ತಿಲು ದಾಟಿ ಕೇಳಿದೆ. ಅವರು ಮಾತಾಡದೆ ತಮ್ಮ ಡ್ರಿಲ್ಲು ತಂದು, ಆ ಕಡೆಯಿಂದ ತಾವೇ ಕೊರೆದರು. ಅತ್ತಿಗೆ ಚಹಾ ಕೊಟ್ಟರು.

ಮುಂದಿನ ತಕರಾರು ಕಂಪ್ಯೂಟರುಗಳದ್ದು. ಮಗುವಿಗೆಂದು ಕೊಟ್ಟ ನನ್ನ 2009ರ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿತ್ತು. ನನ್ನ ಲ್ಯಾಪ್‌ಟಾಪಿನದು ವಿಂಡೋಸ್ 10. ಇವೆರಡೂ ಒಂದೇ ಕಂಪನಿಯವು, ಆದರೂ ಒಂದರ ಮುಖ ಒಂದು ನೋಡಲಿಲ್ಲ. ಕಡತ ಹಂಚಿಕೆಗೆ ಎಕ್ಸ್‌ಪಿಗೆ ಗೊತ್ತಿದ್ದದ್ದು ಎಸ್‌ಎಂಬಿ ಎಂಬ ಪದ್ಧತಿಯ ಮೊದಲ ಆವೃತ್ತಿ ಮಾತ್ರ. ಅದರಲ್ಲಿದ್ದ ದೋಷ ಹಿಡಿದೇ 2017ರಲ್ಲಿ ವನ್ನಾಕ್ರೈ ಎಂಬ ಕೇಡಿನ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು. ಆಮೇಲೆ ಬಂದ ವಿಂಡೋಸ್ 10ರ ಆವೃತ್ತಿಗಳಲ್ಲಿ ಅದನ್ನು ಮುಚ್ಚಿಟ್ಟರು. ಸರಿ, ಎಕ್ಸ್‌ಪಿ ಅಳಿಸಿ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಲಿನಕ್ಸಿಗೆ ವಿಂಡೋಸಿನ ಭಾಷೆ ಕಲಿಸುವ ತಂತ್ರಾಂಶದ ಹೆಸರು ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಎಂಬವರು ವಿದ್ಯಾರ್ಥಿಯಾಗಿದ್ದಾಗ, 1990ರ ದಶಕದ ಆರಂಭದಲ್ಲಿ, ತಂತಿಯಲ್ಲಿ ಹರಿಯುವುದನ್ನು ಗಮನಿಸಿ ಗಮನಿಸಿಯೇ ಅದನ್ನು ಬರೆಯತೊಡಗಿದ್ದು. ಎಸ್, ಎಂ, ಬಿ ಅಕ್ಷರಗಳಿರುವ ಪದ ಹುಡುಕಿ ಆ ಹೆಸರಿಟ್ಟರಂತೆ. ಹುಡುಗಿಗೆ ಹೇಳಿದರೆ, "ರಾಮನಗರದ ಬಂಡೆ ಮೇಲೆ ಬಂದೂಕು ಹಿಡ್ಕೊಂಡು ಕೂತಿರ್ತಾನಲ್ಲ, ಶೋಲೆಯವನು, ಅವನಾ ಚಾಚಾ?" ಎಂದು ನಕ್ಕಳು.

ಎರಡೂ ಕಡೆಯಿಂದ ತೆರೆಯುವ ಫೋಲ್ಡರೊಂದನ್ನು ಅಣ್ಣನ ಕಡೆಯ ಕಂಪ್ಯೂಟರಿನಲ್ಲಿ ಮಾಡಿಟ್ಟೆ. ನನ್ನ ಪ್ರಶ್ನೆಪತ್ರಿಕೆ, ಅವಳ ಟಿಪ್ಪಣಿ, ಅಣ್ಣನ ಬೊಂಬೆಗಳ ಫೋಟೋ ಎಲ್ಲ ಅದರಲ್ಲಿ ಬಿದ್ದವು. ನನ್ನ ಹಳೆಯ ಕಡತಗಳನ್ನೂ ಸುರಿದೆ. ಅವು ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದವು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. "ಇದೇನು ಚಾಚಾ, ಅಬ್ಬಾಜಾನ್ ಅಂತ ಫೈಲಿನ ಹೆಸರು, ಒಳಗೆ ಬರೀ ಕಸ" ಅಂದಳು.

ನಾನದನ್ನು ಮರೆತೇಬಿಟ್ಟಿದ್ದೆ. ಅಬ್ಬಾ ಹಾಸಿಗೆ ಹಿಡಿದಾಗ ಅರಗಿನ ಬಣ್ಣದ ಹದವನ್ನು ಹೇಳಿ ನನ್ನಿಂದ ಬರೆಸಿದ್ದರು: ಯಾವ ಬಣ್ಣಕ್ಕೆ ಎಷ್ಟು ಅರಗು, ಹಳದಿಗೆ ಅರಿಸಿನ ಎಷ್ಟು, ಲೇತಿನ ಮೇಲೆ ತಿರುಗುವ ಆಲೆಮರಕ್ಕೆ ಕಡ್ಡಿ ಒತ್ತುವಾಗ ಬಿಸಿ ಎಷ್ಟಿರಬೇಕು, ಹೀಗೆ. ಬೊಂಬೆ ಮಾಡುವವರು ಅಣ್ಣ, ಕಡತವಿದ್ದದ್ದು ನನ್ನಲ್ಲಿ. ಅವರು ಕೇಳಿರಲಿಲ್ಲ, ನಾನು ಕೊಟ್ಟಿರಲಿಲ್ಲ. ಯೂನಿಕೋಡಿಗೆ ಪರಿವರ್ತಿಸಿ, ಅಲ್ಲಲ್ಲಿ ಕೆಟ್ಟಿದ್ದ ಒತ್ತಕ್ಷರಗಳನ್ನು ಕೈಯಿಂದ ತಿದ್ದಿ, ಅಲ್ಲೇ ಇಟ್ಟೆ. ಅಣ್ಣ ಓದಿದರೋ ಇಲ್ಲವೋ, ಏನೂ ಹೇಳಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿತು. ನನ್ನ ಲ್ಯಾಪ್‌ಟಾಪಿಗೆ 11 ಹತ್ತಲಿಲ್ಲ, ಹಳೆಯ ಪ್ರೊಸೆಸರ್. ಈಗ ಎಂಜಿನಿಯರಿಂಗ್ ಓದುವ ಹುಡುಗಿ ಅದಕ್ಕೂ ಲಿನಕ್ಸ್ ಹಾಕಿಕೊಟ್ಟಳು. ಎಲ್ಲ ಸರಿ ಇದೆಯೇ ಎಂದು ಆ ಫೋಲ್ಡರ್ ತೆರೆದೆ. ಅಬ್ಬಾನ ಕಡತ ಹಿಂದಿನ ತಿಂಗಳಷ್ಟೇ ಬದಲಾಗಿತ್ತು. ಹಳದಿಯ ಅಳತೆ ನಾನು ತಪ್ಪು ಬರೆದಿದ್ದೆನಂತೆ. ಅಣ್ಣ ತಿದ್ದಿ, ಕೆಳಗೆ ಅಬ್ಬಾ ಹೇಳದ ಒಂದು ಹಸಿರನ್ನೂ ಸೇರಿಸಿದ್ದರು.